ಎಂಜಿನ್ ಮುಂದೆ ಹಿಡಿದ ಫೋನು

ತೀರಿಹೋದವರೊಬ್ಬರ ಫೋನಿಗೆ ಚಾರ್ಜ್ ಹಾಕುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಶ್ರುತಿಪೆಟ್ಟಿಗೆಯ ಪಕ್ಕದಲ್ಲಿಟ್ಟ ಆ ಹಳೆಯ ಕಪ್ಪು ಫೋನಿಗೆ ವಯರು ಚುಚ್ಚುತ್ತೇನೆ. ಅದನ್ನು ನೋಡಿದ ನನ್ನ ಗಂಡ, "ಇದೇನು, ಮನೆಗೆ ಹೊಸ ದೇವರಾ?" ಎಂದರು. ಎದುರು ಮನೆ ಖಾಲಿ ಮಾಡುವಾಗ ಅವರ ಮಗಳೇ ಕೊಟ್ಟು ಹೋದದ್ದು. ಬಟ್ಟೆ, ಪಾತ್ರೆ, ಲ್ಯಾಪ್‌ಟಾಪು ಎಲ್ಲ ಕಟ್ಟಿಕೊಂಡ ಆಕೆ ಇದೊಂದನ್ನು ನನ್ನ ಕೈಗಿಟ್ಟು, "ಇದು ಇಲ್ಲೇ ಇರ್ಲಿ ಅಕ್ಕಾ. ಬಂದ್ ಆಗಲಾರದಂಗ ನೋಡ್ಕೋರಿ" ಎಂದಳು. ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಪುಣೆಯ ವಿಮಾನ ನಗರದ ಈ ಕಟ್ಟಡದಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಅವರು ಕಲಬುರಗಿ ಕಡೆಯವರು, ನಾನು ಮೈಸೂರಿನವಳು. ನಾವಿಬ್ಬರೂ ಮಾತಾಡುವುದು ಒಂದೇ ಭಾಷೆ ಎಂದು ನಮ್ಮ ವಾಚ್‌ಮನ್‌ಗೆ ಎಷ್ಟು ಹೇಳಿದರೂ ಆತ ನಂಬಲಿಲ್ಲ. ನಾನು ಮನೆಯಲ್ಲೇ ಕುಳಿತು ಬೇರೆ ಬೇರೆ ಊರಿನ ಮಕ್ಕಳಿಗೆ ಫೋನಿನ ಮೂಲಕ ಸಂಗೀತ ಹೇಳಿಕೊಡುತ್ತೇನೆ. ಅವರು ಮನೆಯಲ್ಲೇ ಕುಳಿತು ಬೇರೆ ಬೇರೆ ಊರಿನ ಕಾರುಗಳನ್ನು ಫೋನಿನ ಮೂಲಕ ತಿದ್ದುತ್ತಿದ್ದರು. ಹಾಗೆ ನೋಡಿದರೆ ಇಬ್ಬರದೂ ಕಾಣದವರ ಗಂಟಲು ಸರಿಮಾಡುವ ಕಸುಬೇ.

ಮೊದಲ ಸಲ ಅವರು ನನ್ನ ಬಾಗಿಲು ತಟ್ಟಿದ್ದು ಜಗಳಕ್ಕೆ ಎಂದೇ ನಾನು ತಿಳಿದದ್ದು. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ಹಣೆಯಲ್ಲಿ ತೆಳ್ಳನೆ ವಿಭೂತಿ. ಕೈ ಮುಗಿದು ಹೇಳಿದರು:

"ಅಕ್ಕೋರ, ನಿಮ್ಮ ಶ್ರುತಿಪೆಟ್ಟಿಗಿಗೂ ನಮ್ಮ ಲಿಫ್ಟಿನ ಮೋಟರಿಗೂ ಹೊಂದವಲ್ದು ನೋಡ್ರಿ. ಎರಡೂ ಕೂಡಿ ಕಿವಿ ಕಡೀತದ. ನೀವು ಒಂಚೂರು ಏರಸ್ತೀರೇನು?"

"ಲಿಫ್ಟಿಗೇ ಹೇಳಿ ಸರ್, ಸ್ವಲ್ಪ ಇಳಿಸಿಕೊಳ್ಳಲಿ" ಎಂದೆ.

ಅವರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಲಿಫ್ಟಿನ ಕಡೆಗೆ ಕಿವಿಗೊಟ್ಟು, "ಲಿಫ್ಟಿಂದು ಆಗೂದಿಲ್ರಿ, ಬೇರಿಂಗ್ ಹಳೇದಾಗ್ಯದ" ಎಂದು ಬೇಸರದಿಂದ ಹೊರಟುಹೋದರು. ಆಮೇಲೆ ನಾನೂ ಕಿವಿಗೊಟ್ಟು ಕೇಳಿದರೆ, ಎರಡೂ ಹೊಂದದಿರುವುದು ನಿಜವೇ. ಅಂದಿನಿಂದ ಇಂದಿನವರೆಗೆ ಲಿಫ್ಟು ಬರುವಾಗೆಲ್ಲ ನನ್ನ ಪಾಠ ಕೆಡುತ್ತದೆ. ಅದೊಂದು ಶಾಪವನ್ನು ಅವರು ನನಗೆ ಕೊಟ್ಟು ಹೋದರು.

ಚಾಕಣದ ಒಂದು ಕಾರು ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷಿಸುವ ಕೋಣೆಯಲ್ಲಿ ಅವರ ನೌಕರಿ ಕಳೆದಿತ್ತು. ದಪ್ಪ ಗೋಡೆ, ದಪ್ಪ ಬಾಗಿಲು, ಕಿವಿಗೆ ಬಿಗಿಯಾದ ಮುಚ್ಚಳ. ಒಳಗೆ ಎಂಜಿನ್ನು ಕೂಗಿಕೊಂಡರೂ ಹೊರಗಿನವರಿಗೆ ಕೇಳುವುದಿಲ್ಲ, ಹೊರಗೆ ಯಾರು ಕೂಗಿಕೊಂಡರೂ ಒಳಗಿನವರಿಗೆ ಕೇಳುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವಧಿಗೆ ಮೊದಲೇ ಕೆಲಸ ಬಿಟ್ಟರು. ಆಮೇಲೆ ಹಿಡಿದದ್ದು ಈ ಹೊಸ ಕಸುಬು.

ಅದನ್ನು ಅವರು ನನಗೆ ತಿಳಿಹೇಳಿದ್ದು ಹೀಗೆ. ಈಗಿನ ಕಾರಿನ ಎಂಜಿನ್ನಿಗೆ ಒಂದು ಕಂಪ್ಯೂಟರ್ ಡಬ್ಬಿ ಇರುತ್ತದೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹೊಡೆಯಬೇಕು ಎಂಬುದೆಲ್ಲ ಅದರೊಳಗಿನ ಫೈಲಿನಲ್ಲಿರುತ್ತದೆ. ಆ ಫೈಲನ್ನು ತಿದ್ದಿದರೆ ಗಾಡಿಯ ಗುಣವೇ ಬದಲಾಗುತ್ತದೆ. ತಿದ್ದಲು ಗಾಡಿಯ ಮುಂದೆ ಇರಲೇಬೇಕೆಂದಿಲ್ಲ. ಎಲ್ಲೋ ನಾಗಪುರದಲ್ಲಿರುವವನು ತನ್ನ ಲ್ಯಾಪ್‌ಟಾಪಿನಿಂದ ಗಾಡಿಗೊಂದು ವಯರು ಚುಚ್ಚಿಕೊಂಡರೆ ಸಾಕು, ಇವರು ಇಲ್ಲಿಂದಲೇ ಫೈಲು ಇಳಿಸುತ್ತಿದ್ದರು. ಆದರೆ ಹೊಗೆಯ ಪೈಪಿನಲ್ಲಿ ಒಳ್ಳೆಯ ಸೆನ್ಸರ್ ಇರಲೇಬೇಕು. ಕಂಪನಿಯವರು ಹಾಕಿದ ಮಾಮೂಲಿ ಸೆನ್ಸರ್ ಪೆಟ್ರೋಲು ಹೆಚ್ಚಾಗಿದೆ, ಕಡಿಮೆಯಾಗಿದೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

"ಜ್ವರ ಅದ ಅಂತ ಹೇಳಿದ್ರ ಸಾಕೇನ್ರಿ ಅಕ್ಕೋರ? ಎಷ್ಟ ಅದ ಅಂತ ಬ್ಯಾಡೇನು?"

ಪೆಟ್ರೋಲು ಬೇಕಾದುದಕ್ಕಿಂತ ಕಡಿಮೆಯಾಗಿ, ಕಿಡಿ ಬೇಗ ಬಿದ್ದು, ಮೇಲೆ ಏರುದಾರಿಯೂ ಸಿಕ್ಕರೆ ಒಳಗಿನ ಶಾಖ ಮಿತಿಮೀರುತ್ತದೆ. ಡಬ್ಬಿಯಲ್ಲಿ ಸಣ್ಣ ಕಲ್ಲು ಆಡಿಸಿದ ಹಾಗೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಎಂಜಿನ್ನು ಕೊಡುವ ಎಚ್ಚರಿಕೆ ಅದೊಂದೇ. ಅದನ್ನು ಕೇಳಿಸಿಕೊಳ್ಳದಿದ್ದರೆ ಪಿಸ್ಟನ್ನಿನ ನೆತ್ತಿ ಕರಗಿ ಗಾಡಿ ಏರಿನ ನಡುವೆಯೇ ಕಚ್ಚಿಕೊಂಡು ನಿಲ್ಲುತ್ತದೆ, ಸ್ಟೇರಿಂಗೂ ಬ್ರೇಕೂ ಕಲ್ಲಿನ ಹಾಗೆ ಬಿಗಿಯುತ್ತವೆ. ಸೆನ್ಸರ್ ಹಾಕಿಸದ ಗಿರಾಕಿಗಳನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಒಬ್ಬ ಹುಡುಗ ಅರ್ಧ ತಾಸು ಗೋಗರೆದದ್ದು ನಮ್ಮ ಮನೆಗೂ ಕೇಳಿತ್ತು. ಹಿಂದಿಯಲ್ಲಿ ಅವನಿಗೆ ಸಮಾಧಾನ ಹೇಳಿ ಹೇಳಿ ಸಾಕಾಗಿ, ಕೊನೆಗೆ ಶುದ್ಧ ಕನ್ನಡದಲ್ಲಿ ಬೈದರು: "ಲೇ, ಕಣ್ಣಿಗಿ ಬಟ್ಟಿ ಕಟ್ಕೊಂಡು ಹೊಟ್ಟಿ ಕೊಯ್ಯಿ ಅಂತೀಯಲ್ಲೊ! ಆಗೂದಿಲ್ಲ ಹೋಗು." ಹುಡುಗನಿಗೆ ಏನು ಅರ್ಥವಾಯಿತೋ, ಫೋನ್ ಇಟ್ಟ.

ಸ್ವಂತ ಕಾರು ಅವರಿಗಿರಲಿಲ್ಲ. ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ತರಲು ಹೋದರೂ ಬಸ್ಸು. ನಾನು ಅವರನ್ನು ಬಾನೆಟ್ ಇಲ್ಲದ ಮೆಕ್ಯಾನಿಕ್ ಎಂದು ರೇಗಿಸುತ್ತಿದ್ದೆ. ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾ, "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಮಾತಿನ ನಡುವೆ ತಲೆಯ ಮೇಲೆ ವಿಮಾನ ಹಾದರೆ ತೋರುಬೆರಳು ಎತ್ತಿ ಸುಮ್ಮನಾಗುತ್ತಿದ್ದರು. ಅದರ ಸದ್ದು ಪೂರ್ತಿ ಕರಗುವವರೆಗೂ ಬೆರಳು ಇಳಿಯುತ್ತಿರಲಿಲ್ಲ. ವಿಮಾನ ನಗರದಲ್ಲಿ ಈ ಅಭ್ಯಾಸವಿದ್ದವರ ಜೊತೆ ಮಾತು ಮುಗಿಸುವುದು ಸುಲಭವಲ್ಲ.

ಸೋಮವಾರ ಬೆಳಿಗ್ಗೆ ಮಾತ್ರ ಅವರು ಬೇರೆಯೇ ಮನುಷ್ಯ. ಬೇಗ ಮಿಂದು, ಹೊಸ ಶರ್ಟು ತೊಟ್ಟು, ಬೀಗರು ಬರುವವರಿದ್ದಾರೆ ಎಂಬಂತೆ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಫ್ರಿಜ್ಜು ಬಂದ್, ಫ್ಯಾನು ಬಂದ್. ಮುಂದೆ ರೊಟ್ಟಿ ಹಿಟ್ಟು ನಾದುವ ಸ್ಟೀಲಿನ ಪರಾತ ಬೋರಲು. ಫೋನು ಬಂದೊಡನೆ ಸ್ಪೀಕರ್ ಹಾಕಿ ಅದನ್ನು ಪರಾತದ ಬೆನ್ನ ಮೇಲೆ ಇಟ್ಟು, ಹತ್ತೂ ಬೆರಳ ತುದಿಗಳನ್ನು ಅದರ ಸುತ್ತ ಊರಿ ಕಣ್ಣು ಮುಚ್ಚುತ್ತಿದ್ದರು. ಹಲೋ ಇಲ್ಲ, ಯಾರು ಎಂಬುದಿಲ್ಲ. ಪರಾತ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು ಫೋನ್ ಕಟ್ ಮಾಡುತ್ತಿದ್ದರು. ಅರೆತೆರೆದ ಬಾಗಿಲಿನಿಂದ ಅದನ್ನು ಮೊದಲು ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಪ್ರೇತ ಕರೆಸುವವರು ಹೀಗೆ ಕೂರುತ್ತಾರೆಂದು ಎಲ್ಲೋ ಕೇಳಿದ್ದೆ.

ಯಾರ ಗಾಡಿ ಎಂದು ಕೇಳಿದೆ. ಕೇಳದೇ ಇರುವವಳಲ್ಲವಲ್ಲ.

"ನಮ್ಮ ಮಗಳ್ದು" ಎಂದರು. ಅಷ್ಟೇ. ಉಳಿದದ್ದನ್ನು ಚೂರುಚೂರಾಗಿ, ಹಲವು ಚಹಾಗಳಲ್ಲಿ ಹೇಳಿದರು.

ಆ ಗಾಡಿ ಹೆಂಡತಿಯದು. ಆಕೆ ಅದನ್ನು ಬಹಳ ವರ್ಷ ಓಡಿಸಿದ್ದರು. ಓಡಿಸುವಾಗಲೂ ಹಿಟ್ಟು ನಾದುವಾಗಲೂ ಪದವಿಲ್ಲದ ಒಂದೇ ಧಾಟಿಯನ್ನು ಗುನುಗುತ್ತಿದ್ದರಂತೆ. ಹೆಂಡತಿಗಾಗಿ ಆ ಎಂಜಿನ್ನಿಗೆ ಹೊಸ ಕಂಪ್ಯೂಟರ್ ಡಬ್ಬಿ ಕೂರಿಸಿ, ಫೈಲು ಬರೆದವರು ಇವರೇ. ಆಕೆಯನ್ನು ಆಸ್ಪತ್ರೆಗೆ ಸೇರಿಸಿದ ದಿನ ಮಗಳು ತಂದೆಗೆ ಮೇಲಿಂದ ಮೇಲೆ ಫೋನ್ ಮಾಡಿದ್ದಾಳೆ. ಇವರು ಚಾಕಣದ ಆ ಕೋಣೆಯೊಳಗೆ, ಕಿವಿಯ ಮೇಲೆ ಮುಚ್ಚಳ. ಹೊರಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಾದ ಮೇಲೆ ಮಗಳು ಅಂದದ್ದು ಒಂದೇ ಮಾತು:

"ನಿನಗ ಎಂಜಿನ್ ದನಿ ಅಷ್ಟ ಕೇಳಸ್ತದಪಾ, ಮನಿಷ್ಯಾರ ದನಿ ಕೇಳಸೂದಿಲ್ಲ. ಅದನ್ನ ಕೇಳ್ಕೋತ ಕೂಡು."

ಅಮ್ಮನ ಗಾಡಿ ತೆಗೆದುಕೊಂಡು ಗಂಡನ ಊರು ವಾಯಿಗೆ ಹೋದವಳು ಮತ್ತೆ ಮಾತಾಡಲಿಲ್ಲ. ಇವರೂ ಮಾತಾಡಿಸಲಿಲ್ಲ. ಹೋಗಿ ಕಾಲಿಗೆ ಬೀಳಬಾರದಿತ್ತೇ ಎಂದು ನಾನು ಗದರಿದ್ದುಂಟು. ಅವರು ಬಸಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಷ್ಟೇ.

ಮಗಳಿಗೆ ಪಾಂಚಗಣಿಯ ಒಂದು ಶಾಲೆಯಲ್ಲಿ ಕೆಲಸ. ದಿನಾ ಪುಟ್ಟ ಮಗಳನ್ನು ಹಿಂದೆ ಕೂರಿಸಿಕೊಂಡು ಪಸರಣಿ ಘಾಟ್ ಹತ್ತಬೇಕು. ಗಾಡಿ ಏದುಸಿರು ಬಿಡತೊಡಗಿದಾಗ, ಈ ಡಬ್ಬಿ ಕೂರಿಸಿದವರನ್ನೇ ಕೇಳಿ ಎಂದು ವಾಯಿಯ ಮೆಕ್ಯಾನಿಕ್ ಕೈ ಚೆಲ್ಲಿದ. ಆಗ ಒಂದು ಸೋಮವಾರ ಘಾಟಿನ ಬುಡದಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು, ತಂದೆಗೆ ಫೋನ್ ಮಾಡಿ, ಒಂದು ಮಾತೂ ಆಡದೆ ಅದನ್ನು ಎಂಜಿನ್ನಿನ ಮುಂದೆ ಹಿಡಿದಳು. ಇವರು ಆ ಸದ್ದನ್ನು ಗುರುತು ಹಿಡಿದರು. ಸಂಜೆಗೆ ಫೈಲು ಕಳಿಸಿದರು, ಆಕೆ ಅದನ್ನು ತನ್ನ ಲ್ಯಾಪ್‌ಟಾಪಿನಿಂದ ಗಾಡಿಗೆ ತುಂಬಿಕೊಂಡಳು. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ಸೋಮವಾರ ಘಾಟ್ ಹತ್ತುವ ಮೊದಲು ಆಕೆ ಫೋನು ಹಿಡಿಯುತ್ತಾಳೆ, ಇವರು ಕೇಳುತ್ತಾರೆ. ಇವರು ಕಟ್ ಮಾಡಿದರೆ ಎಲ್ಲ ಸರಿ, ಹೋಗು ಎಂದರ್ಥ. ಕಟ್ ಮಾಡದಿದ್ದರೆ ಏನೋ ಕೆಟ್ಟಿದೆ, ಹತ್ತಬೇಡ ಎಂದು. ಇದನ್ನು ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಂಡದ್ದಲ್ಲ, ಹಾಗೇ ಬೆಳೆದು ಬಂದದ್ದು.

"ಏಸಿ ಹಾಕಿದ್ರ ಎಂಜಿನ್ ಒಂಚೂರು ಭಾರಾಗ್ತದ್ರಿ. ಭಾರಾಗಿತ್ತಂದ್ರ ಹಿಂದ ಕೂಸು ಅದ ಅಂತ ತಿಳೀತದ" ಎಂದು ಒಮ್ಮೆ ಹೇಳಿದರು. ಮೊಮ್ಮಗಳನ್ನು ಅವರು ನೋಡಿರಲಿಲ್ಲ.

ನನಗೆ ತಟ್ಟನೆ ಹೊಳೆದದ್ದನ್ನು ಕೇಳಿಬಿಟ್ಟೆ. "ಸರ್, ಆ ಗಾಡಿಗೆ ನಿಮ್ಮ ಸೆನ್ಸರ್ ಇದೆಯಾ?"

ಅವರು ವಿಮಾನವೊಂದು ಬಂದದ್ದರಿಂದ ಬೆರಳೆತ್ತಿದರು. ಸದ್ದು ಇಳಿದ ಮೇಲೂ ಬೆರಳು ಹಾಗೇ ಇತ್ತು.

"ಇಲ್ರಿ" ಎಂದರು ಕೊನೆಗೆ.

"ಊರಿಗೆಲ್ಲ ಸೆನ್ಸರ್ ಇಲ್ಲದಿದ್ದರೆ ಮುಟ್ಟಲ್ಲ ಅಂತೀರಿ. ಸ್ವಂತ ಮಗಳ ಗಾಡಿಗೆ ಇಲ್ಲವಾ?"

"ಒಂದ ಸೆನ್ಸರ್ ಹಾಕಿಸ್ಕೋ ಅಂದ್ರ ಹಾಕಿಸ್ಕೋತಾಳ್ರಿ. ಆಮ್ಯಾಲ ಗಾಡಿ ತಾನ ಎಲ್ಲಾ ಲೆಕ್ಕ ಕಳಸ್ತದ. ಕೇಳೂದು ಬೇಕಾಗಂಗಿಲ್ಲ." ಅವರು ತಲೆ ತಗ್ಗಿಸಿದರು. "ಆಮ್ಯಾಲ ಆಕಿ ನನಗ ಫೋನ್ ಯಾಕ ಮಾಡ್ತಾಳ್ರಿ ಅಕ್ಕೋರ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಹಿಂದೆ ಒಂದು ಕೂಸು ಕೂತಿದೆ ಎಂದು ಹೇಳಬೇಕೆನಿಸಿತು. ಆದರೆ ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? "ನನ್ನ ಕಿವಿ ಇರೂತನ ಏನೂ ಆಗೂದಿಲ್ಲ" ಎಂದು ತಮಗೇ ಹೇಳಿಕೊಳ್ಳುವವರಂತೆ ಹೇಳಿ ಎದ್ದರು.

ಮಗಳು ಹೊಸ ಫೋನು ತೆಗೆದುಕೊಂಡದ್ದು ಆ ಚಳಿಗಾಲದಲ್ಲಿ. ಅದು ಆಮೇಲೆ ತಿಳಿದ ಸಂಗತಿ. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಅವರು ಖುಷಿಯಾಗಿದ್ದರು. ಎಂಜಿನ್ನು ಇಷ್ಟು ನಯವಾಗಿ ಎಂದೂ ಓಡಿರಲಿಲ್ಲವಂತೆ. ಗರಗರ ಇಲ್ಲ, ನಡುಕ ಇಲ್ಲ, ಪರಾತ ಸುಮ್ಮನೆ ತಣ್ಣಗೆ ಮಲಗಿರುತ್ತದಂತೆ. ವಾರ ಕಳೆದಂತೆ ಆ ಖುಷಿ ಏನೋ ಆಗಿ ಬದಲಾಯಿತು. ಚಹಾಕ್ಕೆ ಬಂದರೂ ಬಸಿಯಲ್ಲೇ ಆರಲು ಬಿಡುತ್ತಿದ್ದರು. ಒಂದು ಶನಿವಾರ ನಮ್ಮ ಹೊಸ್ತಿಲಲ್ಲೇ ನಿಂತು, ಒಳಗೆ ನನ್ನ ಗಂಡ ಇದ್ದಾರೆಯೇ ಎಂದು ನೋಡಿಕೊಂಡು, ದನಿ ಇಳಿಸಿದರು.

"ಅಕ್ಕೋರ, ಆ ಎಂಜಿನ್ ಒಳಗ ಯಾರೋ ಹಾಡ್ತಾರ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ಮೊದಲ ಎಂಜಿನ್ ಸದ್ದು ಬರ್ತದ. ಆಮ್ಯಾಲ ಅದು ಯಾರೋ ಕೈಹಿಡದು ಒಳಗ ಕರಕೊಂಡು ಹೋದಂಗ ಕರಗ್ತದ. ಆಗ ಅದರ ಜಾಗಾದಾಗ ಒಂದ ಹೆಣ್ಣ ದನಿ. ಗುನುಗ್ತದ." ಅವರ ತುಟಿ ಒಣಗಿತ್ತು. "ನಮ್ಮ ಮನಿಯಾಕಿ ದನಿರೀ ಅದು. ಅದ ಧಾಟಿ. ಗಾಡಿ ಆಕಿದಲ್ಲೇನ್ರಿ?"

ನಿದ್ದೆ ಕೆಟ್ಟಿರಬೇಕು ಎಂದೆ, ಡಾಕ್ಟರಿಗೆ ತೋರಿಸಿ ಎಂದೆ. ಏನೇನೋ ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಸೋಮವಾರ ಒಮ್ಮೆ ಬಂದು ನೀವೂ ಕೇಳ್ರಿ. ನಿಮ್ಮ ಕಿವಿ ಮ್ಯಾಲ ನನಗ ಭರೋಸಾ ಅದ" ಎಂದರು. ಹೋಗುವಾಗ ತಿರುಗಿ, "ಎಂಜಿನ್ ಇಷ್ಟ ಚಂದ ಅದ ಅಂತ ಈ ಸಲ ಫೈಲಿನಾಗ ಕಿಡಿ ಬ್ಯಾಗ ಬೀಳೂವಂಗ ಮಾಡಿ ಇನ್ನೊಂಚೂರು ಜೋರ ಕೊಟ್ಟೀನಿ. ಘಾಟ್ ಹತ್ತಾಕ ಹಗರ ಆಗ್ತದ" ಎಂದರು.

ಸೋಮವಾರ ನಾನು ಹೋದೆ. ಕಿಟಕಿಯಾಚೆ ಎಳೆಬಿಸಿಲು, ಕೆಳಗೆ ಶಾಲೆಯ ವ್ಯಾನುಗಳು, ವಾಚ್‌ಮನ್ ಯಾರಿಗೋ ಮರಾಠಿಯಲ್ಲಿ ಬೈಯುತ್ತಿದ್ದ. ಭಯಪಡುವಂಥದ್ದು ಒಂದೂ ಇರಲಿಲ್ಲ. ಅವರ ಮನೆಯಲ್ಲಿ ಆ ಕಿಟಕಿಯ ಬಳಿ ಬಿಟ್ಟರೆ ಬೇರೆಲ್ಲೂ ಫೋನಿಗೆ ಸಿಗ್ನಲ್ ಇರಲಿಲ್ಲ, ಹಾಗಾಗಿ ಅಲ್ಲೇ ಎದುರುಬದುರು ಕುಳಿತೆವು. ಫೋನು ಬಂತು. ಅವರು ಪರಾತದ ಮೇಲಿಟ್ಟು ಬೆರಳೂರಿದರು. ನನ್ನನ್ನೂ ಊರಲು ಕಣ್ಣಲ್ಲೇ ಕರೆದರು.

ಒಂದು ಕ್ಷಣ ಎಂಜಿನ್ನಿನ ಸದ್ದು ಇತ್ತು. ನಂತರ ಅವರು ಹೇಳಿದಂತೆಯೇ ಅದು ಹಿಂದೆ ಸರಿದು, ಸರಿದು, ಇಲ್ಲವಾಯಿತು. ಬೆರಳಡಿಯ ಸ್ಟೀಲು ಹೆಣದಷ್ಟು ನಿಶ್ಚಲ. ಫೋನು ಕಟ್ ಆಗಿರಲಿಲ್ಲ, ಪರದೆಯ ಮೇಲೆ ಕ್ಷಣಗಳು ಓಡುತ್ತಿದ್ದವು. ಆ ಮೌನದ ತಳದಿಂದ ಒಂದು ಹೆಣ್ಣಿನ ಗುನುಗು ಎದ್ದಿತು. ಪದವಿಲ್ಲ, ತಾಳವಿಲ್ಲ, ಮೇಲಕ್ಕೆ ಹೋಗಲು ನೋಡಿ ಮತ್ತೆ ಕೆಳಗಿಳಿಯುವ ಒಂದೇ ಸಣ್ಣ ಧಾಟಿ. ನನ್ನ ತೋಳಿನ ಕೂದಲು ನೆಟ್ಟಗಾಯಿತು. ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಆ ಹೆದರಿಕೆಯ ನಡುವೆಯೂ ನನ್ನ ಕಸುಬಿನ ಬುದ್ಧಿ ಒಂದು ಮಾತು ಹೇಳಿತು: ಇದನ್ನು ನೀನು ದಿನಾ ನೋಡುತ್ತೀಯ. ಪಾಠದಲ್ಲಿ ನಾನು ಶ್ರುತಿಪೆಟ್ಟಿಗೆ ಹಾಕಿ ಕೂತರೆ ಆ ಕಡೆಯ ಮಕ್ಕಳು, "ಮಿಸ್, ಶ್ರುತಿ ಕೇಳಿಸ್ತಾನೇ ಇಲ್ಲ, ನಿಮ್ಮ ವಾಯ್ಸ್ ಮಾತ್ರ ಬರ್ತಿದೆ" ಎನ್ನುತ್ತಾರೆ. ಹೊಸ ಫೋನುಗಳ ಬುದ್ಧಿವಂತಿಕೆ ಅದು. ಒಂದೇ ಸಮನೆ ಬರುವ ಸದ್ದನ್ನು ಅವು ಗಲಾಟೆ ಎಂದು ತಿಳಿದು ನುಂಗಿಹಾಕುತ್ತವೆ, ಮನುಷ್ಯರ ದನಿಯನ್ನು ಮಾತ್ರ ಮೇಲೆತ್ತಿ ಕಳಿಸುತ್ತವೆ.

"ಸರ್," ಎಂದೆ, ನೆಮ್ಮದಿಯಿಂದ ಜೋರಾಗಿ ನಗುತ್ತಾ, "ಅದು ಅವರಲ್ಲ ಸರ್, ನಿಮ್ಮ ಮಗಳು! ಫೋನ್ ಹಿಡಿದುಕೊಂಡು ತನ್ನ ಪಾಡಿಗೆ ಗುನುಗ್ತಿದ್ದಾರೆ. ಫೋನು ಎಂಜಿನ್ ಸದ್ದನ್ನ ನುಂಗಿ ಅವರ ದನಿ ಮಾತ್ರ ಬಿಡ್ತಾ ಇದೆ."

ಹೆದರಿಕೆ ಬಿಡಿಸಿದೆ ಎಂದು ನಾನು ತಿಳಿದೆ. ಅವರು ಕಣ್ಣು ತೆರೆದರು. ಅಂಥ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ.

"ಅಂದ್ರ" ಎಂದರು, "ನಾ ಇಷ್ಟ ದಿನ ಎಂಜಿನ್ ಕೇಳೇ ಇಲ್ಲ."

ನನಗೂ ಆಗ ಅರ್ಥವಾಯಿತು. ಅವರು ಫೈಲಿನಲ್ಲಿ ವಾರವಾರವೂ ಜೋರು ಏರಿಸಿದ್ದು ಆ ಮೌನವನ್ನು ನಂಬಿ. ಅಲ್ಲಿ ಎಂಜಿನ್ನಿನೊಳಗೆ ಆ ಟಿಕ್ ಟಿಕ್ ಕಲ್ಲು ಆಡುತ್ತಿದ್ದರೂ ಅದು ಇಲ್ಲಿಯವರೆಗೆ ಬಂದಿರುವುದಿಲ್ಲ. ಇವತ್ತು ಇನ್ನೂ ಹೆಚ್ಚು ಜೋರಿನ ಫೈಲು ಹೊತ್ತ ಗಾಡಿ ಘಾಟಿನ ಬುಡದಲ್ಲಿ ನಿಂತಿದೆ, ಹಿಂದೆ ಕೂಸು.

"ಬಂದ್ ಮಾಡು!" ಅವರು ಫೋನಿಗೆ ಬಾಯಿ ಹಚ್ಚಿ ಕೂಗಿದರು. "ಗಾಡಿ ಬಂದ್ ಮಾಡವ್ವಾ! ಹತ್ತಬ್ಯಾಡ!"

ಗುನುಗು ನಡೆದೇ ಇತ್ತು. ಆಕೆಗೆ ಹೇಗೆ ಕೇಳಬೇಕು? ಫೋನು ಕೈಯಳತೆ ದೂರದಲ್ಲಿ, ಎಂಜಿನ್ನಿನ ಮುಂದೆ. ನಮಗೆ ಕೇಳಿಸದ ಎಂಜಿನ್ನು ಅಲ್ಲಿ ಆಕೆಯ ಕಿವಿ ತುಂಬಿದೆ.

"ಕಟ್ ಮಾಡಿ ಮತ್ತೆ ಮಾಡಿ ಸರ್" ಎಂದು ನಾನು ಫೋನಿಗೆ ಕೈಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಬಳೆ ಮುರಿಯಿತು.

"ಕಟ್ ಮಾಡಿದ್ರ ಹೋಗು ಅಂತ ಅರ್ಥರೀ! ಹತ್ತೇ ಬಿಡ್ತಾಳ!"

ನನ್ನ ಫೋನಿನಿಂದ ಆ ನಂಬರಿಗೆ ಮಾಡಿದೆ, ಬಿಜಿ ಎಂದಿತು. ಹತ್ತಬೇಡಿ ಎಂದು ಮೆಸೇಜು ಬರೆದೆ, ನೋಡುವವರಿಲ್ಲ. ಅವರು ಕೂಗಿ ಕೂಗಿ ದನಿ ಬಿದ್ದುಹೋಯಿತು. ಆಮೇಲೆ ಅವರು ಮಾಡಿದ್ದು ಒಂದೇ, ಫೋನು ಕಟ್ ಆಗದಂತೆ ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಅಂಟಿ ನಿಂತದ್ದು. ಸಿಗ್ನಲ್ ಒಂದು ಗೆರೆ, ಎರಡು ಗೆರೆ, ಮತ್ತೆ ಒಂದು. ತಲೆಯ ಮೇಲೆ ವಿಮಾನ ಬಂತು. ಅವರ ತೋರುಬೆರಳು ತಾನಾಗಿ ಮೇಲೆದ್ದು, ಮತ್ತೆ ಫೋನನ್ನು ಹಿಡಿಯಿತು. ಹೊರಗೆ ಲಿಫ್ಟು ತನ್ನ ಅಪಸ್ವರ ಎಳೆಯುತ್ತಾ ಮೇಲೆ ಬರುತ್ತಿತ್ತು. ಇಷ್ಟೆಲ್ಲದರ ನಡುವೆ ಆ ಗುನುಗು ಮಾತ್ರ ನಮ್ಮ ಪಕ್ಕದಲ್ಲೇ ಯಾರೋ ಕುಳಿತು ಹಿಟ್ಟು ನಾದುತ್ತಿರುವಷ್ಟು ಹತ್ತಿರ, ನಿಶ್ಚಿಂತವಾಗಿ ಸಾಗಿತ್ತು. ಆ ನಿಶ್ಚಿಂತೆ ನನ್ನನ್ನು ಹೆದರಿಸಿದಷ್ಟು ಯಾವುದೂ ಹೆದರಿಸಿಲ್ಲ.

ಆಗ ಒಂದು ಪುಟ್ಟ ದನಿ, ಕನ್ನಡಿಯಷ್ಟು ಸ್ವಚ್ಛವಾಗಿ:

"ಮಮ್ಮಾ, ಆಜೋಬಾ ಇವತ್ತ ಯಾಕ ಕಟ್ ಮಾಡವಲ್ಲ?"

ಗುನುಗು ನಿಂತಿತು.

ಆಜೋಬಾ ಎಂದರೆ ಮರಾಠಿಯಲ್ಲಿ ಅಜ್ಜ. ತಮಗೊಂದು ಅಂಥ ಹೆಸರಿದೆ, ವಾಯಿಯಲ್ಲಿ ಯಾರೋ ಅದನ್ನು ಪ್ರತಿ ಸೋಮವಾರ ಕರೆಯುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಗೋಡೆಗೆ ಆತು ನಿಂತರು. ಆ ಕಡೆ ಎಂಜಿನ್ ನಿಂತಿತೋ ಇಲ್ಲವೋ ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಚಪ್ಪಲಿ ಸರಿದ ಸದ್ದು, ಬಳೆಯ ಸದ್ದು. ಆಮೇಲೆ, ಅಷ್ಟು ವರ್ಷಗಳ ನಂತರ, ಬಿಗಿಯಾದ ಒಂದು ದನಿ ಕಿವಿಗೆ ನೇರವಾಗಿ ಬಂತು.

"ಏನಾಗ್ಯದ?"

ಅವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ನಾನು ಅವರ ಬೆನ್ನಿಗೆ ಗುದ್ದಿದೆ. ನಿಜವಾಗಿಯೂ ಗುದ್ದಿದೆ.

"ಎಂಜಿನ್ ಕೇಳಸವಲ್ದವ್ವಾ" ಎಂದರು. "ನಿನ್ನ ದನಿ ಅಷ್ಟ ಕೇಳಸ್ತದ."

ನಾನು ಎದ್ದು ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಆ ದಿನ ತಾಯಿ ಮಗಳು ಕೆಂಪು ಬಸ್ಸಿನಲ್ಲಿ ಘಾಟ್ ಹತ್ತಿದರು. ವಾಯಿಯ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ನೆತ್ತಿ ಗೆದ್ದಲು ಹಿಡಿದ ಮರದಂತೆ ಗುಳಿಗುಳಿಯಾಗಿತ್ತಂತೆ. ಇನ್ನೊಮ್ಮೆ ಘಾಟ್ ಏರಿಸಿದ್ದರೆ ಮುಗಿದೇ ಹೋಗಿತ್ತು ಎಂದನಂತೆ. ಇವರೇ ಬಸ್ಸು ಹತ್ತಿ ವಾಯಿಗೆ ಹೋಗಿ, ಎದುರಿಗೆ ನಿಂತು ಸೆನ್ಸರ್ ಹಾಕಿಸಿ ಬಂದರು. ಮೊಮ್ಮಗಳು ಕೊಟ್ಟ ಬಣ್ಣದ ಕಾಗದದ ವಿಮಾನವನ್ನು ಕಿಟಕಿಗೆ ಸಿಕ್ಕಿಸಿದರು.

"ಈಗ ಸೋಮವಾರ ಫೋನ್ ಬರಲ್ವಾ?" ಎಂದು ಕೇಳಿದೆ.

"ಬರ್ತದ್ರಿ. ಮೊದಲ ಎಂಜಿನ್ ಮುಂದ ಹಿಡೀತಾಳ. ನಾ ಸುಮ್ನ ಕೇಳ್ತೀನಿ, ಏನೂ ಕೇಳಸೂದಿಲ್ಲ. ಆಮ್ಯಾಲ ಮಾತಾಡ್ತೀವಿ."

"ಏನು ಮಾತಾಡ್ತೀರಿ?"

"ಪೆಟ್ರೋಲ್ ರೇಟು" ಎಂದು ನಕ್ಕರು. ಆಮೇಲೆ, "ಅಕ್ಕೋರ, ಆಕಿಗಿ ಕೇಳ್ದೆರಿ, ನೀ ಗುನುಗ್ತಿದ್ದೇನವ್ವಾ ಅಂತ. ನಾ ಎಂದೂ ಹಾಡೂದಿಲ್ಲಪಾ ಅಂತಾಳ" ಎಂದರು.

ಗುನುಗುವವರಿಗೆ ತಾವು ಗುನುಗುತ್ತಿರುವುದು ಗೊತ್ತಿರುವುದಿಲ್ಲ ಸರ್, ನನ್ನ ಶಿಷ್ಯರೂ ಹಾಗೇ ಎಂದೆ. ಅವರು "ಹೌದ್ರಿ, ಹೌದ್ರಿ" ಎಂದರು. ನಂಬಿದರೋ ಇಲ್ಲವೋ.

ಈ ಬೇಸಿಗೆಯಲ್ಲಿ ಹೋಗಿಬಿಟ್ಟರು. ಕಿಟಕಿಯ ಬಳಿ ಕುರ್ಚಿಯಲ್ಲಿ, ಮಧ್ಯಾಹ್ನದ ಚಹಾ ಬಸಿಯಲ್ಲಿ ಹಾಗೇ ಇತ್ತು. ಬಲಗೈಯ ತೋರುಬೆರಳು ಅರ್ಧ ಎದ್ದಂತೆ ಇತ್ತು ಎಂದು ನನಗೆ ಕಂಡಿತು, ಬೇರೆಯವರು ಇಲ್ಲ ಎನ್ನುತ್ತಾರೆ. ಅವರಿಲ್ಲದ ಈ ಮಹಡಿ ನನಗೆ ಬೇಡವೆನಿಸುತ್ತದೆ. ಲಿಫ್ಟಿನ ಬೇರಿಂಗನ್ನು ಯಾರೂ ಇನ್ನೂ ಬದಲಿಸಿಲ್ಲ.

ಮೊನ್ನೆ ಸೋಮವಾರ ನಾನು ಪಾಠಕ್ಕೆ ಕೂರುವ ಮೊದಲೇ ಆ ಕಪ್ಪು ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಮಗಳು' ಎಂದಿತ್ತು. ಸ್ಪೀಕರ್ ಹಾಕಿ ಕೆಳಗಿಟ್ಟೆ. ಎಂಜಿನ್ನು ಒಂದು ಕ್ಷಣ ಕೇಳಿ ಕರಗಿತು. ಆ ಗಾಡಿಯಲ್ಲಿ ಈಗ ಸೆನ್ಸರ್ ಇದೆ, ಯಾರೂ ಕೇಳಿಸಿಕೊಳ್ಳಬೇಕಾಗಿಲ್ಲ. ಇದು ಆಕೆಗೆ ಗೊತ್ತು, ನನಗೂ ಗೊತ್ತು. ಮೌನದೊಳಗಿಂದ ಗುನುಗು ಎದ್ದಿತು. ಪಾಪ, ಮತ್ತೆ ಗುನುಗುತ್ತಿದ್ದಾಳೆ ಎಂದುಕೊಂಡೆ.

"ಮಮ್ಮಾ, ಆಜೋಬಾ ಇಲ್ಲಲ್ಲ, ಕಟ್ ಯಾರು ಮಾಡ್ತಾರ?" ಎಂದಿತು ಕೂಸು.

"ಸುಮ್ನಿರು ಪುಟ್ಟಾ, ಒಂದ ನಿಮಿಷ" ಎಂದಳು ಮಗಳು, ಅಳು ನುಂಗಿದ ದನಿಯಲ್ಲಿ.

ಕೂಸು ಮಾತಾಡಿತು, ತಾಯಿ ಮಾತಾಡಿದಳು. ಅವರಿಬ್ಬರ ಮಾತಿನ ಅಡಿಯಲ್ಲಿ ಗುನುಗು ನಿಲ್ಲಲಿಲ್ಲ. ಮಾತಾಡುತ್ತಾ ಗುನುಗಲು ಯಾರಿಗೂ ಸಾಧ್ಯವಿಲ್ಲ. ಗಂಟಲು ಒಂದೇ ಇರುವುದು, ನನ್ನ ಕಸುಬೇ ಅದು. ಆದರೂ ಆ ಸಣ್ಣ ಧಾಟಿ ಮೇಲಕ್ಕೆ ಹೋಗಲು ನೋಡಿ, ನಿಧಾನವಾಗಿ, ಅವಸರವಿಲ್ಲದೆ ಕೆಳಗಿಳಿಯುತ್ತಿತ್ತು. ನಾನು ಉಸಿರು ಹಿಡಿದು ಕಾದೆ. ಅದು ಷಡ್ಜಕ್ಕೆ ಬಂದು ನಿಂತಿತು.

ನಾನು ಕಟ್ ಮಾಡಿದೆ.